ಫಸ್ಟ್ ಬೇಸ್ ಖಾಲಿ ಇತ್ತು

31 ಅಕ್ಟೋಬರ್ 2024, ಗುರುವಾರ
ಎಡಿಸನ್, ನ್ಯೂಜೆರ್ಸಿ

ನ್ಯೂಯಾರ್ಕ್‌ನ ನಮ್ಮ ಬೇಸ್‌ಬಾಲ್ ತಂಡ ಯಾಂಕೀಸ್ ಸೋತಿತು. 7-6. ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ 4-1ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಪಾಲಾಯಿತು. 2009ರಲ್ಲಿ ಗೆದ್ದ ಮೇಲೆ ನಮ್ಮವರು ವರ್ಲ್ಡ್ ಸೀರೀಸ್‌ನ ಮುಖ ನೋಡಿದ್ದೇ ಈ ವರ್ಷ. ನಿನ್ನೆ ಮಲಗುವಾಗ ಮಧ್ಯರಾತ್ರಿ ದಾಟಿತ್ತು. ಇವತ್ತು ನರಕ ಚತುರ್ದಶಿ, ಬೆಳಗಿನ ಜಾವವೇ ಎದ್ದು ಎಣ್ಣೆಸ್ನಾನ ಆಯಿತು. ಮನೆಯವಳು ತಲೆಗೆ ಎಣ್ಣೆ ಒತ್ತುವಾಗಲೂ ಕಣ್ಣೆದುರು ಅದೇ ಐದನೇ ಇನಿಂಗ್ಸ್. ಇದನ್ನು ಬರೆದು ಮುಗಿಸುವವರೆಗೆ ಹಬ್ಬದ ಕಡೆಗೆ ಮನಸ್ಸು ಹೊರಳುವುದಿಲ್ಲ.

ಸೋಲಿಗೆ ಸಿಟ್ಟು ಬಂದಿದ್ದರೆ ಮೊದಲ ಮೂರು ಪಂದ್ಯಕ್ಕೇ ಬರಬೇಕಿತ್ತು, ಮೂರನ್ನೂ ಸೋತಿದ್ದೆವು. ಆಗ ಬೇಜಾರಾಯಿತು ಅಷ್ಟೆ. 25ರಂದು ಲಾಸ್ ಏಂಜಲೀಸ್‌ನಲ್ಲಿ ಹತ್ತನೇ ಇನಿಂಗ್ಸ್‌ನ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದು ಅವರ ಫ್ರೆಡ್ಡಿ ಫ್ರೀಮನ್ ಪಂದ್ಯ ಕಿತ್ತುಕೊಂಡಾಗ ಅವನಿಗೆ ಕೈ ಮುಗಿದೆ. ಉಳುಕಿದ ಕಾಲಿನಲ್ಲಿ ನಿಂತು ಹೊಡೆದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನಿನ್ನೆಯದು ಬೇರೆ.

ನಿನ್ನೆ ಯಾಂಕೀಸ್ ತವರಾದ ಬ್ರಾಂಕ್ಸ್‌ನಲ್ಲಿ ನಮ್ಮವರ ಕೈಯಲ್ಲೇ ಎಲ್ಲ ಇತ್ತು. ಮೊದಲ ಇನಿಂಗ್ಸ್‌ನಲ್ಲೇ ಆರನ್ ಜಡ್ಜ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ), ಅದರ ಬೆನ್ನಿಗೇ ಜಾಝ್ ಚಿಸಮ್ ಹೋಮ್ ರನ್. ಮೂರನೆಯದರಲ್ಲಿ ಸ್ಟಾಂಟನ್. ಸ್ಕೋರು 5-0. ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಗೆರಿಟ್ ಕೋಲ್ ನಾಲ್ಕು ಇನಿಂಗ್ಸ್‌ ಒಂದೂ ಹಿಟ್ (ಹೊಡೆದು ಬೇಸ್ ಸೇರುವುದು) ಕೊಟ್ಟಿರಲಿಲ್ಲ. ನಾಲ್ಕನೆಯದರಲ್ಲಿ ಫ್ರೀಮನ್ ಹೊಡೆದ ಚೆಂಡನ್ನು ಜಡ್ಜ್ ಗೋಡೆಯವರೆಗೂ ಓಡಿ, ಹಾರಿ, ಗೋಡೆಗೆ ಮೈ ಬಡಿದುಕೊಂಡು ಹಿಡಿದ. ನನ್ನ ಮಗ ಸೋಫಾ ಮೇಲೆ ಎದ್ದು ನಿಂತುಬಿಟ್ಟ.

ಆಮೇಲೆ ಐದನೆಯದು. ಕಿಕೆ ಹೆರ್ನಾಂಡೆಝ್‌ನ ಸಿಂಗಲ್‌ನಿಂದ ಶುರು. ಮುಂದೆ ಟಾಮಿ ಎಡ್ಮನ್ ಹೊಡೆದದ್ದು ಸೆಂಟರ್ ಫೀಲ್ಡ್‌ಗೆ, ನೇರ ಜಡ್ಜ್ ಹತ್ತಿರಕ್ಕೇ. ದಿನಕ್ಕೆ ನೂರು ಹಿಡಿಯುವಂಥ ಚೆಂಡು. ಗ್ಲೌಸ್‌ಗೆ ಬಡಿದು ಕೆಳಗೆ ಬಿತ್ತು. ಗೋಡೆಗೆ ಬಡಿದುಕೊಂಡು ಕ್ಯಾಚ್ ಹಿಡಿದವನ ಕೈಯಿಂದಲೇ ಇದು ಜಾರಿತು. ಅದಾದ ಮೇಲೆ ವಿಲ್ ಸ್ಮಿತ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕಡೆ ಉರುಳಿಸಿದ. ಆಂಟನಿ ವೊಲ್ಪಿ ಹಿಡಿದು ಥರ್ಡ್ ಬೇಸ್‌ಗೆ ಎಸೆದದ್ದು ನೆಲಕ್ಕೆ ಪುಟಿಯಿತು, ಚಿಸಮ್‌ಗೆ ಸಿಗಲಿಲ್ಲ. ಮೂರೂ ಬೇಸ್ ತುಂಬಿದವು, ಒಂದೂ ಔಟ್ ಇಲ್ಲ. ಕೋಲ್ ಆಗಲೂ ಕುಗ್ಗಲಿಲ್ಲ. ಗ್ಯಾವಿನ್ ಲಕ್ಸ್‌ನನ್ನು ಸ್ಟ್ರೈಕ್ಔಟ್ (ಚೆಂಡು ಹೊಡೆಯಲು ಬಿಡದೆ ಔಟ್) ಮಾಡಿದ. ಶೋಹೇ ಓಟಾನಿಯನ್ನು ಸ್ಟ್ರೈಕ್ಔಟ್ ಮಾಡಿದ. ಇಂಥ ಜಾಗದಲ್ಲಿ ಓಟಾನಿಯನ್ನು ಹಾಗೆ ಕಳಿಸುವುದು ಸಣ್ಣ ಮಾತಲ್ಲ. ಎರಡು ಔಟ್, ಇನ್ನೊಂದು ಬಂದರೆ ಸಾಕು, ಇನ್ನೂ 5-0.

ಮೂಕಿ ಬೆಟ್ಸ್ ಬಂದ. ಬ್ಯಾಟಿಗೆ ಸರಿಯಾಗಿ ತಗುಲಲಿಲ್ಲ. ಚೆಂಡು ಫಸ್ಟ್ ಬೇಸ್ ಕಡೆಗೆ ತಿರುಗುತ್ತಾ ಉರುಳಿತು, ಗಂಟೆಗೆ ಐವತ್ತು ಮೈಲಿ ವೇಗವೂ ಇದ್ದಿರಲಿಕ್ಕಿಲ್ಲ. ಫಸ್ಟ್ ಬೇಸ್‌ಮನ್ ಆಂಟನಿ ರಿಝೋ ಹಿಂದೆ ನಿಂತಿದ್ದ. ಚೆಂಡಿನ ತಿರುವು ನೋಡಿ ಜೋಪಾನವಾಗಿ ಕಾದು ಹಿಡಿದ. ಹಿಡಿದು ಕೊಡಲು ನೋಡಿದರೆ ಬೇಸ್ ಮೇಲೆ ಯಾರೂ ಇಲ್ಲ. ಕೋಲ್ ಎರಡು ಹೆಜ್ಜೆ ಬಂದು ನಿಂತಿದ್ದಾನೆ, ಬೇಸ್ ಕಡೆಗೆ ಬೆರಳು ತೋರಿಸುತ್ತಿದ್ದಾನೆ. ಬೆಟ್ಸ್ ಮಾತ್ರ ಬ್ಯಾಟ್ ಬಿಟ್ಟ ಗಳಿಗೆಯಿಂದಲೇ ಪ್ರಾಣ ಬಿಟ್ಟು ಓಡಿದ. ಸೇಫ್. ಮೊದಲ ರನ್ ಬಂತು. ಆಮೇಲೆ ಫ್ರೀಮನ್ ಎರಡು ರನ್, ಟಿಯೋಸ್ಕರ್ ಹೆರ್ನಾಂಡೆಝ್ ಎರಡು ರನ್. 5-5.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಅರ್ಥವಾಗುವುದು ಕಷ್ಟವೇನಲ್ಲ. ಬ್ಯಾಟ್ಸ್‌ಮನ್ ಚೆಂಡನ್ನು ಮೆಲ್ಲಗೆ ತಳ್ಳಿ ಸಿಂಗಲ್‌ಗೆ ಓಡಿದರೆ ಬೌಲರ್ ಓಡಿ ಬಂದು ಸ್ಟಂಪ್ಸ್ ಹತ್ತಿರ ನಿಲ್ಲುತ್ತಾನಲ್ಲ, ಅದೇ ಕೆಲಸ ಇದು. ಬೇಸ್‌ಬಾಲ್‌ನಲ್ಲಿ ಫಸ್ಟ್ ಬೇಸ್‌ಮನ್ ಚೆಂಡಿಗಾಗಿ ಬೇಸ್ ಬಿಟ್ಟು ಹೋದರೆ ಅಲ್ಲಿಗೆ ಪಿಚರ್ ಹೋಗಬೇಕು. ಬ್ಯಾಟ್ ಮಾಡಿದವನು ಓಡಬೇಕಾದದ್ದು 90 ಅಡಿ. ಪಿಚರ್ ಓಡಬೇಕಾದದ್ದು 60 ಅಡಿ ಚಿಲ್ಲರೆ.

ಇದನ್ನು ಇಲ್ಲಿ ಚಿಕ್ಕ ಮಕ್ಕಳಿಗೂ ಕಲಿಸುತ್ತಾರೆ. ಭಾನುವಾರ ನನ್ನ ಮಗನ ಪ್ರ್ಯಾಕ್ಟೀಸಿಗೆ ಹೋದಾಗ ಬೇಲಿಗೆ ಒರಗಿ ನೋಡುತ್ತಿರುತ್ತೇನೆ. ಕೋಚ್ ಫಸ್ಟ್ ಬೇಸ್ ಕಡೆಗೆ ಚೆಂಡು ಉರುಳಿಸುತ್ತಾರೆ, ಪಿಚಿಂಗ್ ಜಾಗದಲ್ಲಿ ನಿಂತ ಹುಡುಗ ಬ್ಯಾಟಿನ ಸದ್ದು ಕಿವಿಗೆ ಬಿದ್ದ ಕೂಡಲೇ ಎಡಕ್ಕೆ ಹೊರಡಬೇಕು. ಚೆಂಡು ಯಾರ ಕೈಗೆ ಹೋಗುತ್ತದೆ ನೋಡೋಣ ಎಂದು ನಿಂತರೆ ಸೀಟಿ ಊದಿ ವಾಪಸ್ ಕಳಿಸುತ್ತಾರೆ. ಬೇಸ್‌ಗೆ ನೇರವಾಗಿ ಓಡುವಂತೆಯೂ ಇಲ್ಲ. ಬೇಸ್‌ಗೆ ಸ್ವಲ್ಪ ಮುಂಚೆಯೇ ಗೆರೆಯ ಹತ್ತಿರಕ್ಕೆ ಹೋಗಿ, ಅಲ್ಲಿಂದ ತಿರುಗಿ ಗೆರೆಯ ಪಕ್ಕದಲ್ಲೇ ಓಡುತ್ತಾ, ಎದೆಯ ಮಟ್ಟಕ್ಕೆ ಬಂದ ಚೆಂಡು ಹಿಡಿದು, ಬಲಗಾಲಲ್ಲಿ ಬೇಸ್‌ನ ಒಳ ಅಂಚು ತುಳಿದು, ಓಡಿಬರುವವನಿಗೆ ಅಡ್ಡ ಸಿಗದಂತೆ ಒಳಕ್ಕೆ ಸರಿಯಬೇಕು. ಮಕ್ಕಳು ಮೊದಮೊದಲು ಬೇಸ್ ಎಡವಿ ಬೀಳುತ್ತಾರೆ. ಮತ್ತೆ ಮತ್ತೆ ಮಾಡಿಸುತ್ತಾರೆ. ದೊಡ್ಡವರ ತಂಡಗಳೂ ಫೆಬ್ರವರಿಯಲ್ಲಿ ಅಭ್ಯಾಸ ಶುರು ಮಾಡುವುದು ಇದರಿಂದಲೇ.

ನಿನ್ನೆ ರಾತ್ರಿ ಕೋಲ್ ನಿಂತದ್ದನ್ನು ಕಂಡ ಮಗ ಟಿವಿ ಕಡೆಗೆ ಕೈ ಮಾಡಿ, "ಅಪ್ಪಾ, ಅವನು ಯಾಕೆ ಹೋಗ್ಲಿಲ್ಲ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರವನ್ನು ಆಟ ಮುಗಿದ ಮೇಲೆ ಕೋಲ್ ತಾನೇ ಕೊಟ್ಟ. ಚೆಂಡು ಎಷ್ಟು ಜೋರಾಗಿ ಬಂತೆಂದು ಗೊತ್ತಾಗಲಿಲ್ಲ, ಅದನ್ನು ತಾನೇ ಹಿಡಿಯಬಹುದೆಂದು ಆ ಕಡೆ ಹೋದೆ, ಅದು ದಾಟಿ ಹೋದಾಗ ಬೇಸ್‌ಗೆ ಓಡುವ ದಾರಿಯಲ್ಲಿ ನಾನಿರಲಿಲ್ಲ ಎಂಬರ್ಥದ ಮಾತು. ಅವನು ನುಣುಚಿಕೊಳ್ಳಲಿಲ್ಲ, ಅದು ಒಪ್ಪತಕ್ಕದ್ದೇ. ಆ ರಾತ್ರಿ ಅವನು ಎಸೆದದ್ದು 108 ಪಿಚ್. ಆ ಇನಿಂಗ್ಸ್‌ನಲ್ಲಿ ಅವನ ಹಿಂದೆ ನಿಂತವರೇ ಎರಡು ಸಲ ಕೈಕೊಟ್ಟಿದ್ದರು. ಅದೆಲ್ಲ ನಿಜ. ಆದರೂ ದಾರಿ ತಪ್ಪಿದ ಮೇಲೆ ತಡವಾಗಿಯಾದರೂ ಓಡಬಹುದಿತ್ತಲ್ಲ? ರಿಝೋ ಚೆಂಡು ಎಸೆಯುವುದಕ್ಕೆ ಒಂದು ಗುರಿಯಾದರೂ ಸಿಗುತ್ತಿತ್ತು. ನಿಂತು ಬೆರಳು ತೋರಿಸಿದ್ದೇ ನನಗೆ ಚುಚ್ಚುತ್ತಿದೆ.

ಜಡ್ಜ್ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಕ್ಯಾಚ್ ಬಿಡದ ಫೀಲ್ಡರ್ ಹುಟ್ಟಿಲ್ಲ. ವೊಲ್ಪಿ ಮೇಲೂ ಇಲ್ಲ; ಈ ನ್ಯೂಜೆರ್ಸಿಯಲ್ಲೇ ಬೆಳೆದ ಹುಡುಗ, ಹಿಂದಿನ ರಾತ್ರಿಯಷ್ಟೇ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದು ನಮ್ಮ ಮಾನ ಉಳಿಸಿದ್ದ. ಅವರಿಬ್ಬರೂ ಮಾಡಲು ಹೋಗಿ ಕೆಟ್ಟರು. ಕೈ ಜಾರುವುದು ದೇವರ ಕೈಯಲ್ಲಿದೆ. ಕಾಲು ಎತ್ತಿ ಇಡುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಜಡ್ಜ್‌ನಷ್ಟು ಎತ್ತರ, ಕೋಲ್‌ನ ತೋಳು ಎಲ್ಲರಿಗೂ ಬರುವುದಿಲ್ಲ. ಓಡಲು ಮನಸ್ಸು ಮಾಡುವುದಕ್ಕೆ ಅದು ಯಾವುದೂ ಬೇಡ.

ಇವತ್ತಿನ ಸ್ಕೋರ್‌ಕಾರ್ಡ್ ನೋಡಿ ಸಂಕಟ ಇನ್ನೂ ಹೆಚ್ಚಾಯಿತು. ಜಡ್ಜ್ ಹೆಸರಿಗೆ ಒಂದು ಎರರ್ (ಫೀಲ್ಡಿಂಗ್ ತಪ್ಪು), ವೊಲ್ಪಿ ಹೆಸರಿಗೆ ಒಂದು ಎರರ್. ಕೋಲ್ ಓಡದೆ ನಿಂತದ್ದಕ್ಕೆ ಏನೂ ಇಲ್ಲ. ಬುದ್ಧಿ ತಪ್ಪಿದ್ದನ್ನು ಎರರ್ ಎಂದು ಬರೆಯಬಾರದು ಅನ್ನುವುದು ಬೇಸ್‌ಬಾಲ್‌ನ ನಿಯಮ. ಅಲ್ಲಿ ಬೆಟ್ಸ್‌ಗೆ ಒಂದು ಹಿಟ್ ಸಿಕ್ಕಿದೆ. ಉಳಿದಿಬ್ಬರ ಎರರ್‌ಗಳಿಂದಾಗಿ ಆ ಐದು ರನ್‌ಗಳಲ್ಲಿ ಒಂದೂ ಕೋಲ್ ಲೆಕ್ಕಕ್ಕೆ ಬರಲಿಲ್ಲ. ಪ್ರಯತ್ನಪಟ್ಟು ಕೆಟ್ಟವರ ಹೆಸರು ಪುಸ್ತಕದಲ್ಲಿ ಉಳಿಯಿತು. 2015ರಿಂದ ಪ್ರತಿ ಮೈದಾನದಲ್ಲೂ ಕ್ಯಾಮೆರಾಗಳಿವೆ. ಔಟ್‌ಫೀಲ್ಡರ್ ಮೊದಲ ಮೂರು ಸೆಕೆಂಡಿನಲ್ಲಿ ಎಷ್ಟು ಅಡಿ ಓಡಿದ ಎಂಬುದನ್ನೂ ಅಳೆಯುತ್ತವೆ. ಆದರೂ ಗ್ಯಾಲರಿಯಲ್ಲಿ ಕೂತವನ ಕಣ್ಣು ಮೊದಲು ಹಿಡಿಯುವ ಈ ತಪ್ಪಿಗೆ ಸ್ಕೋರ್ ಪುಸ್ತಕದಲ್ಲಿ ಒಂದು ಕಾಲಮ್ ಇಲ್ಲ. ಅಭಿಮಾನಿ ಕೂಗುವುದು ಅದಕ್ಕೇ. ಅವನು ಕೂಗದಿದ್ದರೆ ಅದು ಎಲ್ಲೂ ದಾಖಲಾಗುವುದಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಹಿರಿಯರು ಬ್ರಾಂಕ್ಸ್‌ನಲ್ಲೇ ಹುಟ್ಟಿ ಬೆಳೆದವರು. ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ಊಟದ ಹೊತ್ತಿಗೆ ಒಂದೇ ಮಾತು ಹೇಳಿದರು: ಯಾಂಕೀಸ್‌ನ ಹಳೆಯ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಇದ್ದಿದ್ದರೆ ಅಲ್ಲೇ ಹೊರಗೆ ಕರೆಯುತ್ತಿದ್ದ. 1977ರ ಜೂನ್ 18, ಬಾಸ್ಟನ್‌ನ ಫೆನ್ವೇ ಪಾರ್ಕ್. ಜಿಮ್ ರೈಸ್ ಹೊಡೆದ ಚೆಂಡಿಗೆ ರೈಟ್ ಫೀಲ್ಡ್‌ನಲ್ಲಿದ್ದ ರೆಜ್ಜಿ ಜ್ಯಾಕ್ಸನ್ ಮೆಲ್ಲಗೆ ಹೋದನೆಂದು ಮ್ಯಾನೇಜರ್ ಮಾರ್ಟಿನ್, ಇನಿಂಗ್ಸ್ ನಡುವೆಯೇ ಪಾಲ್ ಬ್ಲೇರ್‌ನನ್ನು ಕಳಿಸಿ ಅವನನ್ನು ಒಳಕ್ಕೆ ಕರೆಸಿದ. ಡಗ್ಔಟ್‌ನಲ್ಲಿ ಇಬ್ಬರೂ ಕೈ ಮಿಲಾಯಿಸುವುದೊಂದು ಬಾಕಿ. ಕೋಚ್‌ಗಳು ಹಿಡಿದುಕೊಂಡರು, ದೇಶವಿಡೀ ಟಿವಿಯಲ್ಲಿ ನೋಡಿತು. ಅದೇ ರೆಜ್ಜಿ ನಾಲ್ಕು ತಿಂಗಳ ಮೇಲೆ, ಇದೇ ಡಾಡ್ಜರ್ಸ್ ಎದುರು, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದ.

ನನಗೆ ಮಾರ್ಟಿನ್‌ಗಿಂತ, ನ್ಯೂಯಾರ್ಕ್‌ನ ಇನ್ನೊಂದು ತಂಡ ಮೆಟ್ಸ್‌ನ ಮ್ಯಾನೇಜರ್ ಆಗಿದ್ದ ಗಿಲ್ ಹಾಡ್ಜಸ್ ಹಿಡಿಸುತ್ತಾರೆ. 1969ರ ಜುಲೈ 30, ನ್ಯೂಯಾರ್ಕ್‌ನ ಶೇ ಸ್ಟೇಡಿಯಂ. ಮೆಟ್ಸ್ ಒಂದೇ ದಿನ ಎರಡು ಪಂದ್ಯ ಆಡಿ ಎರಡರಲ್ಲೂ ಹೊಡೆಸಿಕೊಳ್ಳುತ್ತಿತ್ತು. ಲೆಫ್ಟ್ ಫೀಲ್ಡ್‌ನಲ್ಲಿ ಕ್ಲಿಯಾನ್ ಜೋನ್ಸ್ ಚೆಂಡಿನ ಹಿಂದೆ ಓಡಿದ ರೀತಿ ಹಾಡ್ಜಸ್‌ಗೆ ಸರಿ ಕಾಣಲಿಲ್ಲ. ಅವರು ಕೂಗಾಡಲಿಲ್ಲ. ಡಗ್ಔಟ್‌ನಿಂದ ಎದ್ದು ನಡೆದುಕೊಂಡು ಪಿಚರ್‌ನನ್ನು ದಾಟಿ, ಶಾರ್ಟ್‌ಸ್ಟಾಪ್‌ನನ್ನು ದಾಟಿ, ಲೆಫ್ಟ್ ಫೀಲ್ಡ್‌ವರೆಗೂ ಹೋದರು. ಅಲ್ಲಿ ಎರಡು ಮಾತಾಡಿ ಹಿಂದಿರುಗಿದರು. ಜೋನ್ಸ್ ಅವರ ಹಿಂದೆಯೇ ನಡೆದು ಬಂದ. ಜೋನ್ಸ್ ಕಾಲಿಗೆ ನೋವಿತ್ತು, ಮೈದಾನದಲ್ಲಿ ನೀರು ನಿಂತಿತ್ತು ಎಂಬ ಮಾತೂ ಇದೆ, ಇರಬಹುದು. ನೋವಿದ್ದರೆ ಹೊರಗೆ ಕೂರಿಸಲಿ, ಇಲ್ಲದಿದ್ದರೆ ಓಡಿಸಲಿ. ಎರಡಕ್ಕೂ ಆ ನಡಿಗೆಯೇ ಸರಿ. ಆ ವರ್ಷ ಜೋನ್ಸ್‌ನ ಬ್ಯಾಟಿಂಗ್ ಸರಾಸರಿ .340 (ನೂರು ಸಲಕ್ಕೆ 34 ಹಿಟ್). ಅಕ್ಟೋಬರ್ 16ರಂದು ಮೆಟ್ಸ್‌ಗೆ ಮೊದಲ ವರ್ಲ್ಡ್ ಸೀರೀಸ್ ತಂದ ಕೊನೆಯ ಕ್ಯಾಚ್ ಹಿಡಿದವನೂ ಅವನೇ.

ಆಟಗಾರರ ಕಡೆಯ ಮಾತೂ ಇದೆ. ವರ್ಷಕ್ಕೆ 162 ಪಂದ್ಯ, ಬಹುಪಾಲು ದಿನ ರಜೆಯೇ ಇಲ್ಲ. ಜುಲೈ ಬಿಸಿಲಲ್ಲಿ ಹೇಗೂ ಔಟ್ ಆಗುವ ಚೆಂಡಿಗೆ ತೊಡೆಯ ಸ್ನಾಯು ಹರಿದುಕೊಳ್ಳುವಂತೆ ಓಡು ಎಂದು ನಾನು ಯಾರಿಗೂ ಹೇಳಲಾರೆ. ಬ್ಯಾಟ್ ಹಿಡಿದವನು ಅರೆಬರೆ ಓಡಿದರೆ ಹಾಳಾಗುವುದು ಹೆಚ್ಚಾಗಿ ಅವನ ಔಟ್ ಒಂದೇ. ಫೀಲ್ಡಿಂಗ್‌ನಲ್ಲಿ ಹಾಗಲ್ಲ. ಅಲ್ಲಿ ಒಬ್ಬ ನಿಂತರೆ ಇನ್ನೊಬ್ಬನ ದುಡಿಮೆಯೂ ನೀರುಪಾಲು. ನಿನ್ನೆ ರಿಝೋ ಎರಡು ಬೆರಳು ಮುರಿದುಕೊಂಡಿದ್ದ ಕೈಯಲ್ಲಿ ಆಡುತ್ತಿದ್ದ, ಚೆಂಡು ಹಿಡಿದಿದ್ದ, ಎಸೆಯಲು ಎದುರಿಗೆ ಜನ ಇರಲಿಲ್ಲ.

ಅಭಿಮಾನಿಗಳ ವಿಷಯಕ್ಕೆ ಬಂದರೆ, ಯಾಂಕೀ ಸ್ಟೇಡಿಯಂಗೆ ಮೊದಲ ಸಲ ಹೋದಾಗ ನನ್ನ ಮನಸ್ಸು ಗೆದ್ದದ್ದು ಸೆಕ್ಷನ್ 203ರವರ ಹಾಜರಿ. ಆಟ ಶುರುವಾದ ಕೂಡಲೇ ಅಲ್ಲಿ ಕೂತವರು ಸೆಂಟರ್ ಫೀಲ್ಡರ್‌ನಿಂದ ಹಿಡಿದು ಒಬ್ಬೊಬ್ಬ ಫೀಲ್ಡರ್ ಹೆಸರನ್ನೂ ಕೂಗುತ್ತಾರೆ, ಅವನು ಕೈ ಎತ್ತುವವರೆಗೂ ಬಿಡುವುದಿಲ್ಲ. ಕೂಗಿಸಿಕೊಳ್ಳುವಾಗ ಯಾರ ಕೈಯಲ್ಲೂ ಬ್ಯಾಟ್ ಇರುವುದಿಲ್ಲ, ಎಲ್ಲರ ಕೈಯಲ್ಲೂ ಗ್ಲೌಸ್. ಇಷ್ಟು ಪ್ರೀತಿ ಕೊಡುವವರಿಗೆ ಸಿಟ್ಟಾಗುವ ಹಕ್ಕೂ ಇದೆ. ಆದರೆ ಮಂಗಳವಾರ ರಾತ್ರಿ ನಡೆದದ್ದು ಆ ಹಕ್ಕಲ್ಲ. ಬೆಟ್ಸ್ ಗೋಡೆಯವರೆಗೂ ಓಡಿ, ಕೈ ಮೇಲೆತ್ತಿ ಫೌಲ್ ಚೆಂಡು ಹಿಡಿದರೆ, ಅಲ್ಲಿ ಕೂತಿದ್ದ ಇಬ್ಬರು ಅವನ ಕೈ ಹಿಡಿದೆಳೆದು ಗ್ಲೌಸ್‌ನಿಂದ ಚೆಂಡು ಕಿತ್ತರು. ನಿನ್ನೆ ಅವರನ್ನು ಒಳಗೆ ಬಿಡಲಿಲ್ಲ, ಸರಿಯಾಯಿತು. ನಮ್ಮವರು ಓಡಲಿಲ್ಲವೆಂದು ಕೂಗುವ ನಾವು, ಓಡಿದವನು ಎದುರಾಳಿಯಾದರೂ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು.

ಬೆಳಗ್ಗೆ ಮೈಸೂರಿನಿಂದ ತಮ್ಮ ವಿಡಿಯೋ ಕಾಲ್ ಮಾಡಿದ್ದ. ಹಬ್ಬದ ಶುಭಾಶಯ ಹೇಳಿ, ನನ್ನ ಮುಖ ನೋಡಿ, "ಸೋತ್ರಾ ಅಣ್ಣಾ? ಬಿಡು, ನಮ್ಮೋರು ಚಿನ್ನಸ್ವಾಮೀಲಿ 46ಕ್ಕೆ ಆಲೌಟ್ ಆಗ್ಲಿಲ್ವಾ" ಅಂದ. "ಅವತ್ತು ಚೆಂಡು ಆಡ್ತಿತ್ತು ಕಣೋ, ಇವರಿಗೆ ಆಡಕ್ಕಾಗ್ಲಿಲ್ಲ. ಇದು ಆಗಿದ್ರೂ ಮಾಡದೇ ಇದ್ದಿದ್ದು" ಅಂದೆ. ಅವನಿಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಆದರೂ ಆ ತುಣುಕು ಕಳಿಸು ಅಂದ. ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಬೌಲರ್ ಸ್ಟಂಪ್ಸ್‌ಗೆ ಬರ್ಲಿಲ್ವಲ್ಲ ಅಣ್ಣಾ!"

ಆರನೇ ಇನಿಂಗ್ಸ್‌ನಲ್ಲಿ ನಮ್ಮವರು 6-5 ಮಾಡಿದ್ದರು, ಎಂಟನೆಯದರಲ್ಲಿ ಎರಡು ಸ್ಯಾಕ್ರಿಫೈಸ್ ಫ್ಲೈಗೆ (ಕ್ಯಾಚ್ ಕೊಟ್ಟು ಔಟಾದರೂ ರನ್ ತರುವ ಹೊಡೆತ) ಅದೂ ಹೋಯಿತು. ಆ ಭಾಗ ಬರೆಯಲು ನನಗೆ ಮನಸ್ಸಿಲ್ಲ.

ಚಳಿಗಾಲವೆಲ್ಲ ನಮ್ಮ ಬ್ಯಾಟರ್ ಹ್ವಾನ್ ಸೋಟೋ ಉಳಿಯುತ್ತಾನೋ ಹೋಗುತ್ತಾನೋ, ಎಷ್ಟು ಕೋಟಿ ಡಾಲರ್ ಎಂಬ ಮಾತೇ ನಡೆಯುತ್ತದೆ. ನನಗೆ ಬೇಕಾದದ್ದಕ್ಕೆ ಡಾಲರ್ ಬೇಡ. ಫೆಬ್ರವರಿಯಲ್ಲಿ ಟ್ಯಾಂಪಾದ ತರಬೇತಿ ಶಿಬಿರದಲ್ಲಿ ಪಿಚರ್‌ಗಳು ಮೊದಲು ಬಂದು ಸೇರುತ್ತಾರೆ. ಮೊದಲ ದಿನವೇ ಮ್ಯಾನೇಜರ್ ಆರನ್ ಬೂನ್ ತಾವೇ ನಿಂತು, ಹೊಸ ಹುಡುಗರ ಸಾಲಿನಲ್ಲಿ ಕೋಲ್‌ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಫಸ್ಟ್ ಬೇಸ್‌ಗೆ ಓಡಿಸಲಿ. ಮತ್ತೆ ಏಪ್ರಿಲ್‌ನಲ್ಲಿ ಯಾರಾದರೂ ಹೀಗೆ ನಿಂತುಬಿಟ್ಟರೆ, ಅವನ ಸಂಬಳ ಎಷ್ಟೇ ಇರಲಿ, ಹಾಡ್ಜಸ್ ನಡೆದ ಹಾಗೆ ಮೈದಾನದ ಮಧ್ಯಕ್ಕೆ ನಡೆದುಹೋಗಿ ಕರೆದುಕೊಂಡು ಬರಲಿ.