ಗೇಟು ಮುಚ್ಚಿದ ಮೇಲೆ ಗಡ್ಡಿಗೆ

ಕಂಪ್ಲಿ ಸೇತುವೆಯ ಈಚೆ ದಡದಲ್ಲಿ ಬ್ಯಾರಿಕೇಡ್ ಹಾಕಿದ್ದರು. ಆಗಸ್ಟ್ ತಿಂಗಳು, ಬೆಳಗಿನ ಆರೂವರೆ. ಆನೆಗೊಂದಿ ಬಳಿ ತುಂಗಭದ್ರೆಯ ನಡುವೆ ಇರುವ ನವವೃಂದಾವನ ಗಡ್ಡಿಗೆ (ನಡುಗಡ್ಡೆಗೆ) ಎಂದು ಬಳ್ಳಾರಿಯಿಂದ ಕುರುಗೋಡು ಹಾದು ಬಂದ ನಾವು ಐದು ಮಂದಿ ಗಾಡಿ ನಿಲ್ಲಿಸಿ ಇಳಿದರೆ, ಸೇತುವೆ ಇರಬೇಕಾದ ಜಾಗದಲ್ಲಿ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಕಮಲಾಪುರದ ಕಡೆಯಿಂದ ಸುತ್ತು ಹಾಕಿ, ಬುಕ್ಕಸಾಗರ–ಕಡೆಬಾಗಿಲು ಸೇತುವೆ ಹತ್ತಿ ಆನೆಗೊಂದಿ ಸೇರುವಷ್ಟರಲ್ಲಿ ಹತ್ತು ಗಂಟೆ. ಅಲ್ಲಿ ದೋಣಿಗಳೆಲ್ಲ ದಡದ ಮೇಲೆ ಮಕಾಡೆ ಮಲಗಿದ್ದವು. ಅದೇ ಗಡ್ಡಿ ಎಂದು ಊರವರು ಕೈ ತೋರಿಸಿದ ಕಡೆ ಕಂಡದ್ದು ಗಿಡಗಳ ತಲೆ ಮಾತ್ರ. ಬುತ್ತಿಯನ್ನು ದಡದಲ್ಲೇ ಬಿಚ್ಚಿ ಉಂಡು ವಾಪಸಾದದ್ದಾಯಿತು.

ಒಂದು ಫೋನು, ಇಲ್ಲವೇ ಅಂದಿನ ಪತ್ರಿಕೆಯ ಎರಡು ಸಾಲು ನೋಡಿದ್ದರೆ ಆ ದಿನ ಉಳಿಯುತ್ತಿತ್ತು. ಅದಕ್ಕೇ ಈ ಬರಹ ನೀರಿನಿಂದ ಶುರುವಾಗುತ್ತದೆ.

ತುಂಗಭದ್ರಾ ಜಲಾಶಯಕ್ಕೆ 33 ಗೇಟುಗಳಿವೆ, ಪೂರ್ಣ ಮಟ್ಟ 1,633 ಅಡಿ. ಆನೆಗೊಂದಿ, ಹಂಪಿ, ಕಂಪ್ಲಿ ಎಲ್ಲವೂ ಅಣೆಕಟ್ಟೆಯ ಕೆಳಗಿನ ಊರುಗಳು. ಹೀಗಾಗಿ ಇಲ್ಲಿ ಮಳೆ ಬಾರದಿದ್ದರೂ ಹೊಳೆ ಬರುತ್ತದೆ. ಮಲೆನಾಡಿನಲ್ಲಿ ತುಂಗೆ, ಭದ್ರೆ, ವರದೆ ತುಂಬಿ ಜಲಾಶಯ ಭರ್ತಿಯಾದರೆ, ಗಂಗಾವತಿಯಲ್ಲಿ ಸುಡು ಬಿಸಿಲಿದ್ದರೂ ಗಡ್ಡಿಯ ದಾರಿ ಬಂದ್. ಪತ್ರಿಕೆಯಲ್ಲಿ ದಿನವೂ ಬರುವ ಕೋಷ್ಟಕದಲ್ಲಿ ಎಲ್ಲರೂ ನೋಡುವುದು ಒಳಹರಿವು ಎಷ್ಟು, ಎಷ್ಟು ಟಿಎಂಸಿ ತುಂಬಿತು ಎಂಬುದನ್ನು. ಗಡ್ಡಿಗೆ ಹೋಗುವವರಿಗೆ ಬೇಕಾದದ್ದು ಹೊರಹರಿವು, ಅದರಲ್ಲೂ ಕಾಲುವೆಗೆ ಬಿಟ್ಟದ್ದನ್ನು ಬಿಟ್ಟು ನದಿಗೆ ಬಿಟ್ಟದ್ದೆಷ್ಟು ಎಂಬ ಲೆಕ್ಕ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನದಿಗೆ ಹತ್ತಾರು ಸಾವಿರ ಕ್ಯೂಸೆಕ್ ಎಂದು ಬರೆದಿದ್ದರೆ ದೋಣಿ ನಿಂತಿರುತ್ತದೆ ಎಂದೇ ತಿಳಿಯಿರಿ. ಲಕ್ಷದ ಮಾತು ಬಂದರೆ ಆ ವಾರವನ್ನೇ ಕೈಬಿಡಿ. ಗೇಟು ಮುಚ್ಚಿದ ಮರುದಿನವೇ ಓಡಬೇಡಿ. ನೀರು ಇಳಿದರೂ ಗಡ್ಡಿಯ ಮೇಲೆ ಮೊಣಕಾಲುದ್ದ ರೊಜ್ಜು ಇರುತ್ತದೆ, ಒಣಗಲು ನಾಲ್ಕಾರು ದಿನ ಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಆ ಒಂದನ್ನು ಸರಿಪಡಿಸಲು ಜಲಾಶಯದ ಮಟ್ಟವನ್ನೇ ಇಳಿಸಬೇಕಾಗಿ ಬಂದು ನದಿಗೆ ನೀರು ಹರಿಸಿದರು. ಇಂಥದ್ದಕ್ಕೆ ಯಾವ ಪಂಚಾಂಗವೂ ಇಲ್ಲ. ಹೊರಡುವ ಹಿಂದಿನ ಸಂಜೆ ಆನೆಗೊಂದಿಯಲ್ಲಿ ಯಾರಿಗಾದರೂ ಫೋನು ಮಾಡಿ "ದೋಣಿ ನಡದೈತೇನ್ರಿ?" ಎಂದು ಕೇಳುವುದೇ ಗಟ್ಟಿ ದಾರಿ.

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಹೊಳೆ ಸೊರಗಿ ಬಂಡೆ ಮೇಲೇಳುತ್ತದೆ, ಹತ್ತು ಗಂಟೆಗೆಲ್ಲ ಆ ಬಂಡೆ ಹಂಚಿನಂತೆ ಕಾಯುತ್ತದೆ. ಗಡ್ಡಿಯ ಮೇಲೆ ಬರಿಗಾಲಲ್ಲಿ ನಡೆಯಬೇಕಾಗುತ್ತದೆ ಎಂಬುದನ್ನು ನೆನಪಿಡಿ.

ಎರಡನೇ ಸಲ ಹೋದದ್ದು ಡಿಸೆಂಬರಿನಲ್ಲಿ. ಬಳ್ಳಾರಿಯಿಂದ ಕಂಪ್ಲಿ, ಗಂಗಾವತಿ ಮೇಲೆ ಸ್ವಂತ ಗಾಡಿಗೆ ಎರಡು ಗಂಟೆ ಹಿಡಿಯಿರಿ. ಬಸ್ಸಿನವರು ಗಂಗಾವತಿಯಲ್ಲಿ ಇಳಿದು ಆನೆಗೊಂದಿ ಬಸ್ಸನ್ನೋ ಶೇರ್ ಆಟೊವನ್ನೋ ಹಿಡಿಯಬಹುದು. ಗಂಗಾವತಿ ದಾಟುವ ಮುಂಚೆ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಹೊಟ್ಟೆ ಗಟ್ಟಿ ಮಾಡಿಕೊಳ್ಳಿ, ಗಡ್ಡಿಯ ಮೇಲೆ ಅಂಗಡಿ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರು. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಸಾಕು. ಸಾರು, ಮೊಸರು ತುಂಬಿದ ಡಬ್ಬಿ ದೋಣಿಯಲ್ಲಿ ಚೆಲ್ಲಿ ಚೀಲವೆಲ್ಲ ರಾಡಿಯಾಗುತ್ತದೆ. ಬುತ್ತಿ ಬೆನ್ನಿನ ಚೀಲದೊಳಗೇ ಇರಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಆನೆಗೊಂದಿಯ ಮಂಗಗಳು ಬಿಡುವುದಿಲ್ಲ. ಕಾಲಿಗೆ ಬೂಟು ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಹತ್ತಾರು ಸಲ ಬಿಚ್ಚಿ ಹಾಕುವುದಿದೆ, ದಡದ ಪಾಚಿಗಲ್ಲಿನ ಮೇಲೆ ಹಿಂಪಟ್ಟಿ ಇಲ್ಲದ್ದು ಜಾರುತ್ತದೆ.

ಹೊಳೆ ದಾಟಲು ಯಂತ್ರದ ದೋಣಿಯೂ ಇದೆ, ಹರಿಗೋಲೂ ಇದೆ. ಯಂತ್ರದ ದೋಣಿ ಬೇಗ ಮುಟ್ಟಿಸುತ್ತದೆ. ಅದರ ಗದ್ದಲದಲ್ಲಿ ಹೊಳೆಯ ಸದ್ದು ಕೇಳುವುದಿಲ್ಲ, ಹಕ್ಕಿ ಹತ್ತಿರ ನಿಲ್ಲುವುದಿಲ್ಲ. ಸಿಕ್ಕರೆ ಹರಿಗೋಲೇ ಹತ್ತಿ.

ದಡದಲ್ಲಿ ಅಂಬಿಗ ಯಜಮಾನರೊಬ್ಬರು ಹರಿಗೋಲನ್ನು ಬೋರಲು ಹಾಕಿ, ತಳದ ಸೀಳಿಗೆ ಡಾಂಬರು ಮೆತ್ತುತ್ತಿದ್ದರು. ಬಿದಿರಿನ ದಬ್ಬೆಗಳನ್ನು ಅಡ್ಡ ಉದ್ದ ಹೆಣೆದು, ಅಂಚಿಗೆ ದಪ್ಪನೆಯ ಬಿದಿರು ಸುತ್ತಿ ಬಿಗಿದ ದೊಡ್ಡ ಬುಟ್ಟಿ ಅದು. ಹೊರಮೈಗೆ ಗೊಬ್ಬರದ ಖಾಲಿ ಚೀಲಗಳನ್ನು ಒಂದಕ್ಕೊಂದು ಹೊಲಿದು ಹೊದಿಸಿ, ಮೇಲೆ ಕಾಸಿದ ಡಾಂಬರು ಬಳಿಯುತ್ತಾರೆ.

"ಮೊದಲ ತೊಗಲು ಹೊದಸ್ತಿದ್ರಂತ ನಮ್ಮ ಮುತ್ಯಾ ಹೇಳ್ತಿದ್ದ. ಈಗ ಚೀಲನ ಚಲೋರಿ, ಹಗುರ."

"ಯಜಮಾನ್ರ, ಇದು ಗರಗರ ಸುತ್ತತೈತಲ್ಲ, ನೆಟ್ಟಗ ಹೆಂಗ ಹೋಗತೈತಿ?"

ಅವರು ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದರು. "ನೆಟ್ಟಗ ಹೋಗಂಗಿಲ್ರಿ. ನೆಟ್ಟಗ ಹೋಗಬೇಕಂತ ಹಟ ಹಿಡದ್ರ ಹೊಳಿ ಕೆಳಗ ಒಯ್ಯತೈತಿ. ಮೊದಲ ದಂಡಿ ಹಿಡದು ಮ್ಯಾಲಕ ಎಳಕೊಂಡು ಹೋಗಬೇಕು. ಅಲ್ಲಿಂದ ಬಿಟ್ರ ನೀರ ತಾನ ತಂದು ಗಡ್ಡಿಗೆ ಹಚ್ಚತೈತಿ. ನಾವು ಮಾಡೂದೇನು? ಮುಂದ ಕುಂತು ಎಡಕ್ಕೊಂದು ಬಲಕ್ಕೊಂದು ಹುಟ್ಟು ಎಳದು, ಮಾರಿ ತಿರಗದಂಗ ನೋಡಕೊಳ್ಳೂದು, ಅಷ್ಟ."

ಅವರು ಹೇಳಿದಂತೆಯೇ ಆಯಿತು. ದೂಕುವ ದೋಣಿಯಲ್ಲ ಇದು, ಎಳೆಯುವ ದೋಣಿ. ಹರಿಗೋಲಿಗೆ ಮೂತಿಯಿಲ್ಲ, ತಳದಲ್ಲಿ ನೆಟ್ಟಗೆ ಹಿಡಿದಿಡುವ ಏಣು ಇಲ್ಲ. ಹಿಂದೆ ಕುಳಿತು ಒಂದೇ ಬದಿಗೆ ಹುಟ್ಟು ಹಾಕಿದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ಬುಟ್ಟಿಯಂಥ ದೋಣಿಗಳನ್ನು ಕಂಡು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತವೆ, ಸದಾ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಬದಲಾದದ್ದು ತೊಗಲು ಮಾತ್ರ. ಯಜಮಾನರ ಮುತ್ಯಾನ ಮಾತು ಅಷ್ಟು ಹಿಂದಕ್ಕೆ ಮುಟ್ಟುತ್ತದೆ ಎಂದು ತಿಳಿದಾಗ ಮೈ ಜುಮ್ಮೆಂದಿತು.

ಹತ್ತುವಾಗ ಅಂಚು ತುಳಿಯಬೇಡಿ, ಕಾಲನ್ನು ನೇರ ನಡುವಿಗೆ ಇಡಿ. ಅಂಚಿನ ಸುತ್ತ ಬೆನ್ನು ಮಾಡಿ ಒಳಮುಖವಾಗಿ ಕುಕ್ಕರಗಾಲಲ್ಲಿ ಕೂರಬೇಕು, ಭಾರದ ಆಳುಗಳು ಎದುರುಬದುರು. ಕಾಲ ಕೆಳಗೆ ತಳ ಮೆತ್ತಗೆ ಏರಿಳಿಯುತ್ತದೆ, ಅದು ಸಹಜ, ಹೆದರಬೇಕಿಲ್ಲ. ಫೋಟೊಕ್ಕೆಂದು ಒಬ್ಬರು ಎದ್ದು ನಿಂತರೆ ಮಾತ್ರ ಎಲ್ಲರೂ ನೀರಿಗೆ. ಲೈಫ್ ಜಾಕೆಟ್ ಕೊಡದಿದ್ದರೆ ಕೇಳಿ ಪಡೆಯಿರಿ. ಇಲ್ಲ ಎಂದರೆ ಆ ದೋಣಿ ಹತ್ತಬೇಡಿ. ಹತ್ತುವ ಮೊದಲೇ ಹೋಗಿಬರುವ ಎರಡೂ ಕಡೆಯ ದುಡ್ಡಿನ ಮಾತು, ಎಷ್ಟು ಗಂಟೆಗೆ ಕರೆದೊಯ್ಯಲು ಬರುತ್ತಾರೆ ಎಂಬ ಮಾತು ಮುಗಿಸಿಬಿಡಿ. ಅಂದು ನಮ್ಮ ಹೊತ್ತಿಗೇ ಯಂತ್ರದ ದೋಣಿಯಲ್ಲಿ ಬಂದ ಒಂದು ಸಂಸಾರ ಈ ಮಾತಾಡದೆ ಹತ್ತಿ, ಮರಳುವಾಗ ದೋಣಿ ತುಂಬುವ ತನಕ ಕೂಸು ಎತ್ತಿಕೊಂಡು ಒಂದೂವರೆ ತಾಸು ಬಿಸಿಲಲ್ಲಿ ನಿಂತಿತ್ತು. ಆ ಕೂಸಿನ ಅಳು ಈಗಲೂ ಕಿವಿಯಲ್ಲಿದೆ.

ಗಡ್ಡಿ ದೊಡ್ಡದಲ್ಲ. ದೋಣಿಯಿಂದ ಇಳಿದರೆ ಮರಳು, ಆಮೇಲೆ ಬಂಡೆ, ಕುರುಚಲು ಗಿಡಗಳ ನಡುವೆ ಕಾಲುದಾರಿ, ಕೆಲವೇ ನಿಮಿಷಗಳಲ್ಲಿ ಬಯಲು. ಅಲ್ಲಿ ಒಂಬತ್ತು ವೃಂದಾವನಗಳು, ಅಂದರೆ ಮಾಧ್ವ ಯತಿಗಳ ಸಮಾಧಿಗಳು. ನಡುವೆ ವ್ಯಾಸರಾಜರದು, ಸುತ್ತ ಪದ್ಮನಾಭತೀರ್ಥ, ಕವೀಂದ್ರತೀರ್ಥ, ವಾಗೀಶತೀರ್ಥ, ರಘುವರ್ಯತೀರ್ಥ, ಶ್ರೀನಿವಾಸತೀರ್ಥ, ರಾಮತೀರ್ಥ, ಸುಧೀಂದ್ರತೀರ್ಥ, ಗೋವಿಂದ ಒಡೆಯರು. ಪದ್ಮನಾಭತೀರ್ಥರು ಮಧ್ವಾಚಾರ್ಯರ ನೇರ ಶಿಷ್ಯರು, ಸುಧೀಂದ್ರತೀರ್ಥರು ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರುಗಳು. ಸುಮಾರು ಮುನ್ನೂರು ವರ್ಷಗಳ ಪರಂಪರೆ ಒಂದು ಅಂಗಳದಲ್ಲಿ ಕುಳಿತಂತಿದೆ. ಪುರಂದರದಾಸರಿಗೂ ಕನಕದಾಸರಿಗೂ ಗುರುವಾಗಿದ್ದ ವ್ಯಾಸರಾಜರು ಇಲ್ಲಿ ವೃಂದಾವನಸ್ಥರಾದದ್ದು 1539ರಲ್ಲಿ. ಪಕ್ಕದಲ್ಲೇ ರಂಗನಾಥನ ಗುಡಿ, ಹನುಮ–ಭೀಮ–ಮಧ್ವ ಮೂರೂ ಅವತಾರ ಒಂದೇ ಮೂರ್ತಿಯಲ್ಲಿರುವ ಆಂಜನೇಯನ ಗುಡಿ.

ಚಪ್ಪಲಿ ದೂರದಲ್ಲೇ ಬಿಡಬೇಕು. ವೃಂದಾವನಗಳ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದಾರೆ, ಪ್ರದಕ್ಷಿಣೆ ಅದರ ಹೊರಗೆ. ಒಳಗೆ ಕಾಲಿಡುವಂತಿಲ್ಲ, ಕಲ್ಲು ಮುಟ್ಟುವಂತಿಲ್ಲ. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಸುತ್ತುವವರಿರುತ್ತಾರೆ, ಅವರಿಗೆ ದಾರಿ ಬಿಡಿ. ಆರಾಧನೆಯ ದಿನಗಳಲ್ಲಿ ದಡದಿಂದಲೇ ನೂಕುನುಗ್ಗಲು, ಸುಮ್ಮನೆ ನಡೆದಾಡಲು ಬರುವವರು ಆ ದಿನ ಬಿಟ್ಟು ಬರುವುದೇ ಲೇಸು.

ನಡುವಿನ ವೃಂದಾವನದ ಮುಂದೆ ಬಹಳ ಹೊತ್ತು ನಿಂತೆವು. 2019ರ ಜುಲೈ ತಿಂಗಳ ಒಂದು ರಾತ್ರಿ ನಿಧಿಯಾಸೆಯ ಕಳ್ಳರು ಗಡ್ಡಿಗೆ ನುಗ್ಗಿ ಇದನ್ನು ಕೆಡವಿ ಅಗೆದಿದ್ದರು. ಸುದ್ದಿ ತಿಳಿದ ಕೂಡಲೇ ಮಠಗಳವರು, ಭಕ್ತರು ಹೊಳೆ ದಾಟಿ ಬಂದು ಚೆಲ್ಲಾಪಿಲ್ಲಿಯಾದ ಕಲ್ಲುಗಳನ್ನೆಲ್ಲ ಕೂಡಿಸಿ ಮತ್ತೆ ನಿಲ್ಲಿಸಿದರು. ಗೆರೆಯ ಹೊರಗೆ ನಿಂತು ಕಲ್ಲಿನ ಸಂದುಗಳನ್ನು ನೋಡುತ್ತಿದ್ದರೆ ಗಂಟಲು ಕಟ್ಟುತ್ತದೆ. ಬಹುತೇಕ ಮಂದಿ ಇಲ್ಲಿ ಇಪ್ಪತ್ತು ನಿಮಿಷ ಇದ್ದು ಮುಂದಿನ ದೋಣಿ ಹಿಡಿಯುತ್ತಾರೆ. ನೀವು ಎರಡು ತಾಸು ಇಟ್ಟುಕೊಳ್ಳಿ. ಎಂಟಕ್ಕೆ ಮೊದಲೇ ಮುಟ್ಟಿದರೆ ನೆಲವೂ ತಣ್ಣಗಿರುತ್ತದೆ, ಜನವೂ ಇರುವುದಿಲ್ಲ.

ದರ್ಶನದ ಮೇಲೆ ನೀರಿನಂಚಿನ ಬಂಡೆಗಳ ಕಡೆ ಇಳಿಯಿರಿ. ಒಂದು ಚಪ್ಪಟೆ ಬಂಡೆಯ ಮೇಲೆ ಬೂದು ಬಣ್ಣದ ಹಿಕ್ಕೆ ಕಂಡಿತು. ಕಡ್ಡಿಯಿಂದ ಕೆದಕಿದರೆ ಒಳಗೆಲ್ಲ ಮೀನಿನ ಹುರುಪೆ, ಬಿಸಿಲಿಗೆ ಅಭ್ರಕದ ಚೂರಿನಂತೆ ಮಿನುಗುತ್ತಿದ್ದವು, ಜೊತೆಗೆ ಹಸಿಮೀನಿನ ಗವಲು. ನೀರುನಾಯಿಯ ಗುರುತು ಅದು. ಜಲಾಶಯದ ಬಳಿಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಗಡ್ಡಿ ಅದರೊಳಗೇ ಬರುತ್ತದೆ. ಗುಂಪಾಗಿ ಮೀನು ಬೆನ್ನಟ್ಟುವ ಪ್ರಾಣಿ, ನಸುಕಿನಲ್ಲಿ ಹೆಚ್ಚು ಓಡಾಟ. ನಮಗೆ ಕಂಡದ್ದು ಹಿಕ್ಕೆ ಮಾತ್ರ, ಅದೇ ಹಿರಿಹಿಗ್ಗು ತಂದಿತು. ಹರಿದ ಬಲೆಯ ತುಂಡು, ಪ್ಲಾಸ್ಟಿಕ್ ಬಾಟಲಿ ಕಂಡರೆ ಹೆಕ್ಕಿ ತನ್ನಿ. ಬಲೆಗೆ ನೀರುನಾಯಿಯೂ ಸಿಕ್ಕಿ ಸಾಯುತ್ತದೆ.

ನೀರು ತಿಳಿಯಾಗಿದೆ ಎಂದು ಈಜಲು ಮಾತ್ರ ಇಳಿಯಬೇಡಿ. ಮೇಲೆ ಕನ್ನಡಿಯಂತಿದ್ದರೂ ಬಂಡೆಗಳ ನಡುವೆ ಸೆಳವು ಒಳಗಿನಿಂದ ಎಳೆಯುತ್ತದೆ, ಮೊಸಳೆಗಳೂ ಇವೆ. 2025ರ ಫೆಬ್ರವರಿಯಲ್ಲಿ ಇಲ್ಲಿಗೆ ಹತ್ತಿರದ ಸಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಹಾರಿದ ಪ್ರವಾಸಿಯೊಬ್ಬರು ಹೆಣವಾಗಿ ಸಿಕ್ಕರು.

ಮರಳಿ ದಡಕ್ಕೆ ಬಂದು ಬುತ್ತಿ ಉಂಡ ಮೇಲೆ ಹಲವರು ಅಂಜನಾದ್ರಿ ಹತ್ತಲು ಓಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು 575 ಮೆಟ್ಟಿಲು, ಶನಿವಾರವಾದರೆ ಜನಜಾತ್ರೆ. ಅದಕ್ಕೆ ಬೇರೆಯದೇ ಒಂದು ನಸುಕನ್ನು ಕೊಡಿ. ಅಂದಿನ ಉಳಿದ ಹೊತ್ತಿಗೆ ಹೊಳೆ ದಂಡೆಯ ನಡಿಗೆಯೇ ಸರಿ: ಚಿಂತಾಮಣಿ ಗುಡಿಯ ನೆರಳು, ವಾಲಿ–ಸುಗ್ರೀವರ ಕಾಳಗದಲ್ಲಿ ರಾಮ ಬಾಣ ಬಿಟ್ಟನೆಂದು ಊರವರು ತೋರಿಸುವ ಜಾಗ, ಆಮೇಲೆ ನೀರಿನಂಚಿನ ಅರವತ್ನಾಲ್ಕು ಕಂಬದ ಮಂಟಪ. ಕೃಷ್ಣದೇವರಾಯನ ಸಮಾಧಿ ಎಂದು ಜನ ಕರೆಯುವುದು ಇದನ್ನೇ. ಊರೊಳಗಿನ ಗಗನಮಹಲು, ರಂಗನಾಥನ ತೇರು ನೋಡಲು ಅರ್ಧ ತಾಸು ಸಾಕು.

ಮಂಟಪದ ಕಂಬಗಳ ಮೇಲೆ ಕೆಸರಿನ ಗೆರೆಯೊಂದು ಎಲ್ಲ ಕಡೆ ಒಂದೇ ಮಟ್ಟದಲ್ಲಿ ಒಣಗಿ ನಿಂತಿತ್ತು. ಒಂದು ಕಂಬಕ್ಕೆ ಜೊಂಡು, ಹರಿದ ಸೀರೆಯ ಸೆರಗು ಸುತ್ತಿಕೊಂಡಿದ್ದವು. ನೆಲದಲ್ಲಿ ನಿಂತು ಕೈ ಎತ್ತಿದರೂ ಆ ಗೆರೆ ಎಟುಕಲಿಲ್ಲ. ಆಗಸ್ಟಿನಲ್ಲಿ ನಾವು ದಡದಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಾಗ ಹೊಳೆ ಹರಿಯುತ್ತಿದ್ದದ್ದು ಆ ಎತ್ತರದಲ್ಲಿ.