ಎಕ್ಸ್-ರೇ ಹಾಳೆಯಲ್ಲಿ ಕಾಫಿ ಎಲೆ

ಟೀ ಶರ್ಟಿಗೆ ಕೊರೆಯಚ್ಚು (ಸ್ಟೆನ್ಸಿಲ್) ಹಾಕಲು ನಾನು ನೆಚ್ಚಿಕೊಂಡಿರುವುದು ಅಜ್ಜಿಯ ಮಂಡಿಯ ಹಳೆಯ ಎಕ್ಸ್-ರೇ ಹಾಳೆಯನ್ನು. ರಟ್ಟು ಬಣ್ಣ ಹೀರಿ ಮೆತ್ತಗಾಗುತ್ತದೆ. ಎಕ್ಸ್-ರೇ ಹಾಳೆಯನ್ನಾದರೆ ಒರೆಸಿ ಮತ್ತೆ ಮತ್ತೆ ಬಳಸಬಹುದು.

ವಿನ್ಯಾಸ ನಮ್ಮ ತೋಟದ್ದೇ, ರೊಬಸ್ಟಾ ಎಲೆ. ಅರೇಬಿಕಾಕ್ಕಿಂತ ಅಗಲ, ಕೊರೆಯಲು ಸುಲಭ. ಆದರೆ ಇಡೀ ಎಲೆಯನ್ನು ಒಂದೇ ತೂತಾಗಿ ಕೊರೆದರೆ ಬಟ್ಟೆಯ ಮೇಲೆ ಮೂಡುವುದು ಬರಿಯ ಹಸಿರು ಮಚ್ಚೆ. ನಡುನರದ ಉದ್ದಕ್ಕೂ ತೆಳುವಾದ ಪಟ್ಟಿಯೊಂದನ್ನು ಕೊರೆಯದೆ ಉಳಿಸಬೇಕು. ಅಡ್ಡ ನರಗಳು ಅದಕ್ಕೆ ಅಂಟಿಕೊಂಡಿರಬೇಕು. ಗೆಣ್ಣಿನಲ್ಲಿ ಗೊಂಚಲಾದ ಹಣ್ಣುಗಳ ನಡುವೆಯೂ ಅಕ್ಕಿಕಾಳಿನಷ್ಟು ದಪ್ಪ ಹಾಳೆ ಉಳಿಯಲಿ, ಇಲ್ಲವಾದರೆ ಹರಿಯುತ್ತದೆ.

ಹತ್ತಿಯ ಅಂಗಿಯೇ ಆಗಬೇಕು. ಹೊಸದಾದರೆ ಗಂಜಿ ಹೋಗುವಂತೆ ಒಗೆದು, ಬಣ್ಣ ಬೆನ್ನಿಗೆ ಇಳಿಯದಂತೆ ಒಳಗೆ ರಟ್ಟು ತೂರಿಸಿ. ಪಾತ್ರೆ ತೊಳೆಯುವ ಸ್ಪಂಜಿನ ಹೊಸ ತುಂಡನ್ನು ಬಟ್ಟೆಯ ಅಕ್ರಿಲಿಕ್ ಬಣ್ಣಕ್ಕೆ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒತ್ತಿ ಒತ್ತಿ ಬಹುತೇಕ ಒಣಗಿಸಿ, ಆಮೇಲೆ ಅಂಗಿಯ ಮೇಲಿಟ್ಟ ಹಾಳೆಯ ತೂತುಗಳ ಮೇಲೆ ನೇರವಾಗಿ ತಟ್ಟಿ. ಉಜ್ಜಿದರೆ ಬಣ್ಣ ಹಾಳೆಯಡಿಗೆ ನುಗ್ಗುತ್ತದೆ. ನೀರಂತೂ ಬೆರೆಸಲೇಬೇಡಿ. ಕೊಡವರು ಕಕ್ಕಡ ತಿಂಗಳ 18ರಂದು ಪಾಯಸ ಮಾಡುವ ಮದ್ದುಸೊಪ್ಪಿನ ನೇರಳೆ ರಸವನ್ನೇ ಬಳಸಬಾರದೇ ಎಂದು ಚಿಕ್ಕಮ್ಮ ಕೇಳುತ್ತಾರೆ. ಅದು ಪಾಯಸಕ್ಕೇ ಇರಲಿ!

ಮಡಿಕೇರಿಯ ಮಳೆಯಲ್ಲಿ ಒಣಗಿಸುವುದೇ ದೊಡ್ಡ ರಗಳೆ. ಬಚ್ಚಲೊಲೆಯ ಮೇಲೆ ತೂಗುಹಾಕಿದರೆ ಹೊಗೆಯ ವಾಸನೆ ಹಿಡಿಯುತ್ತದೆ. ಫ್ಯಾನಿನ ಕೆಳಗೆ 24 ಗಂಟೆ ಬಿಟ್ಟು, ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿ, ಹಬೆಯಿಲ್ಲದ ಬಿಸಿ ಇಸ್ತ್ರಿ ಹಾಕಿ. ಬಣ್ಣ ನಿಲ್ಲುವುದು ಆ ಶಾಖದಿಂದಲೇ. ಎರಡು ಮೂರು ದಿನ ಒಗೆಯಬೇಡಿ. ಕರೆಂಟು ಇರುವಾಗಲೇ ಇಸ್ತ್ರಿ ಮುಗಿಸಿಬಿಡಿ.