ಪುಟ್ಟಿ ಸರ್ಟಿಫಿಕೇಟಿನಾಗ ನನ್ನ ಹಳೇ ಹೆಸರು

6 ಡಿಸೆಂಬರ್ 2025, ಶನಿವಾರ, ಬೆಳಗಾವಿ

ನಿನ್ನೆ ಬಾಗಲಕೋಟಿಗೆ ಹೋಗಿ ಬಂದೆ, ಬರೇ ಒಂದು ಹೆಸರಿನ ಸಲುವಾಗಿ. ಮುಂಜಾನೆ ಆರರ ಬಸ್ಸು, ಯರಗಟ್ಟಿ ತನಕ ನಿದ್ದಿ, ಲೋಕಾಪುರದಾಗ ಚಾ, ರಾತ್ರಿ ಮನಿಗೆ ಬರೂದ್ರಾಗ ಕಾಲು ಬಾತು ಹೋಗಿದ್ವು, ಅದಕ್ಕ ಇವತ್ತ ಬರಿಯಾಕತ್ತೀನಿ.

ಸುರುವಾಗಿದ್ದು ಅತ್ತಿಯಿಂದ. ಪಶುಪತಿನಾಥನ ದರ್ಶನ ಒಮ್ಮೆ ಆಗ್ಬೇಕಂತ ಅವ್ರದು ಭಾಳ ವರ್ಷದ ಆಸೆ. ಮಾರ್ಚಿನಾಗ ಹೋಗೂದಂತ ಠರಾವ್ ಆತು, ಬೆಳಗಾವಿಂದ ಗೋವಾ ಎಕ್ಸ್‌ಪ್ರೆಸ್ಸಿಗೆ ದಿಲ್ಲಿ, ಅಲ್ಲಿಂದ ವಿಮಾನದಾಗ ಕಠ್ಮಂಡು. ನೇಪಾಳಕ್ಕ ಪಾಸ್‌ಪೋರ್ಟ್ ಯಾಕ ಬೇಕ್ರೀ, ಆಧಾರ್ ಇದ್ರ ಮುಗೀತು ಅಂತ ಗಲ್ಲಿ ಮಂದಿಯೆಲ್ಲಾ ಹೇಳಿದ್ರು. ಅರ್ಧ ಖರೆ. ಪಾಸ್‌ಪೋರ್ಟ್ ಬೇಕಾಗಿಲ್ಲ, ಆದ್ರ ಆಧಾರ್ ನಡಿಯೂದು 15ಕ್ಕಿಂತ ಸಣ್ಣವ್ರಿಗೆ ಮತ್ತ 65 ದಾಟಿದವ್ರಿಗೆ ಅಷ್ಟ, ಅದೂ 2019ರಿಂದ. ನಡುವಿನ ವಯಸ್ಸಿನ ನಮ್ಮಂಥವ್ರು ಪಾಸ್‌ಪೋರ್ಟ್ ಇಲ್ಲಾ ವೋಟರ್ ಕಾರ್ಡ್ ತೋರಿಸ್ಬೇಕು. ಅಂದ್ರ 68ರ ಅತ್ತಿಗೂ ಐದು ತುಂಬದ ನನ್ನ ಮಗಳು ಪುಟ್ಟಿಗೂ ಆಧಾರ್ ಸಾಕು, ನಾನು ಇವ್ರು ವೋಟರ್ ಕಾರ್ಡ್ ಹುಡುಕ್ಬೇಕು (ನಂದು ಅಕ್ಕಿ ಡಬ್ಬಿ ಕೆಳಗ ಸಿಕ್ತು, ಯಾರ ಇಟ್ಟಿದ್ರೋ).

ಸಿಕ್ಕೊಂಡಾಂವ ನಾದಿನಿ ಮಗ. ಅವಂಗ 16, ಆಧಾರ್ ನಡಿಯೂ ವಯಸ್ಸು ದಾಟೈತಿ, ವೋಟರ್ ಕಾರ್ಡ್ ಇನ್ನೂ ಬರಂಗಿಲ್ಲ. 15ರಿಂದ 18ರ ಹುಡುಗರಿಗೆ ಓದೂ ಸಾಲಿ ಪ್ರಿನ್ಸಿಪಾಲರು ಗುರುತಿನ ಸರ್ಟಿಫಿಕೇಟ್ ಕೊಟ್ರ ನಡೀತೈತಿ, ಅದಕ್ಕೊಂದು ಗೊತ್ತಾದ ನಮೂನೆ ಐತಿ. ಅವ್ರ ಕಾಲೇಜಿನಾಗ ಕೇಳಿದ್ರ, ಬೋನಾಫೈಡ್ ಬೇಕನ್ರೀ, ಕ್ಲರ್ಕ್ ಬರ್ಲಿ ಕೊಡ್ತೀವಿ ಅಂದ್ರಂತ. ಬೋನಾಫೈಡ್ ಅಲ್ರೀ ಸರ್, ಇದು ನೇಪಾಳಕ್ಕ ಅಂದ್ರ, ನೇಪಾಳಕ್ಕ ನಾ ಸರ್ಟಿಫಿಕೇಟ್ ಕೊಡಬೇಕಾ ಅಂತ ಅವ್ರಿಗೇ ನಗು ಬಂತಂತ. ನಮೂನೆ ಪ್ರಿಂಟ್ ತಗೊಂಡು ಹೋಗ್ಬೇಕು.

ಟ್ರೇನಿಗೆ ಇಷ್ಟು ಕಟಿಪಿಟಿ ಇಲ್ಲಾ, ಒಂದ ಟಿಕೆಟ್ಟಿನಾಗ ಇದ್ದವ್ರಲ್ಲಿ ಒಬ್ರು ಒರಿಜಿನಲ್ ಕಾರ್ಡ್ ತೋರಿಸಿದ್ರ ಆತು. ಆದ್ರ ಪುಟ್ಟಿಗೆ ಫೆಬ್ರವರಿಗೆ ಐದು ತುಂಬ್ತಾವು, ಇನ್ನ ಪುಕ್ಕಟೆ ಇಲ್ಲಾ. ಬರ್ತ್ ಬ್ಯಾಡಂದ್ರ ಅರ್ಧ ಟಿಕೆಟ್, ಬೇಕಂದ್ರ ಪೂರಾ ರೊಕ್ಕ, 2016ರಿಂದ ಹಂಗ. ಅತ್ತಿ, ಒಂದು ತಿಂಗಳ ಹಿಂದ ಹೋದ್ರ ಉಳೀತಿತ್ತಲ್ಲವಾ ಅಂತ ನಾಕ ಸಲ ಅಂದ್ರು.

ಇಷ್ಟಕ್ಕ ಬಿಟ್ಟಿದ್ರ ಬಾಗಲಕೋಟಿ ಹಾದಿ ಹಿಡಿಯೂದ ಇರ್ಲಿಲ್ಲ. ದುಬೈದಾಗಿರೂ ನಮ್ಮಕ್ಕ ಮುಂದಿನ ವರ್ಷ ಬರ್ರಿ ಅಂದ್ಳು, ಇವ್ರು ಹಂಗಾದ್ರ ಪುಟ್ಟಿ ಪಾಸ್‌ಪೋರ್ಟ್ ಈಗ ಮಾಡಿಸಿಬಿಡೂಣು ಅಂದ್ರು, ಸಣ್ಣ ಹುಡುಗರಿಗೆ ಫೀ 1000, ಎಂಟರ ಒಳಗಿದ್ರ ಅದ್ರಾಗೂ ಹತ್ತು ಪರ್ಸೆಂಟ್ ಕಡಿಮಿ, ಐದು ವರ್ಷ ನಡೀತೈತಿ, ತಂದಿ ತಾಯಿ ಇಬ್ರೂ ಅನೆಕ್ಶರ್ ಡಿ ಅನ್ನೂ ಒಪ್ಪಿಗಿ ಪತ್ರಕ್ಕ ಸಹಿ ಮಾಡ್ಬೇಕು. ಫಾರ್ಮ್ ತುಂಬಾಕ ಕುಂತಾಗ ಸೈಬರ್ ಹುಡುಗ ಪುಟ್ಟಿ ಜನನ ಪತ್ರ ನೋಡಿ, ಅಕ್ಕಾರ, ಇದು ಯಾರ ಹೆಸರ್ರೀ ಅಂದ.

ನಂದ ಹೆಸರು. ಆದ್ರ ಈಗಿಂದಲ್ಲ. ನಮ್ಮ ಕಡೆ ಮದ್ವಿಯಾಗ ತಾಟಿನ ಅಕ್ಕಿಯೊಳಗ ಉಂಗುರದಿಂದ ಹೊಸ ಹೆಸರು ಬರೀತಾರಲ್ಲ, ನಂದೂ ಹಂಗ ಬದಲಾಗೈತಿ, ಆಧಾರ್, ವೋಟರ್ ಕಾರ್ಡ್, ಬ್ಯಾಂಕು ಎಲ್ಲಾ ಹೊಸದ. ಚೊಚ್ಚಲ ಬಾಣಂತನ ತವರಾಗ, ಬಾಗಲಕೋಟಿ ಆಸ್ಪತ್ರಿಯಾಗ, ಫಾರ್ಮ್ ತುಂಬಿದ್ದು ನನ್ನ ತಮ್ಮ. ಅವಂಗ ನಾ ಹುಟ್ಟಿದಾಗಿನ ಹೆಸರ ಬಾಯಾಗ ಬರೂದು, ಅದ್ರ ಮುಂದ ಅಪ್ಪನ ಹೆಸರು, ತವರಿನ ಅಡ್ಡಹೆಸರು, ಪೂರಾ ಬರದು ಕೊಟ್ಟಾನ. ಐದು ವರ್ಷ ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಕಾಗದದ ಪ್ರಕಾರ ಪುಟ್ಟಿ ತಾಯಿ ಬ್ಯಾರೆ ಒಬ್ಬಾಕಿ.

ಎಲ್ಲಿ ಹುಟ್ಟಿದ್ದು ನೋಂದಣಿ ಆಗೈತೋ ಅಲ್ಲೇ ತಿದ್ದುಪಡಿ, ಹಿಂಗಾಗಿ ಬಾಗಲಕೋಟಿ. ಮದ್ವಿ ಸರ್ಟಿಫಿಕೇಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಎರಡೂ ಹೆಸರು ಒಬ್ಬಾಕಿವ ಅಂತ ಅಫಿಡವಿಟ್ಟು, ಮತ್ತ ವಿಷಯ ಗೊತ್ತಿದ್ದ ಇಬ್ಬರ ಹೇಳಿಕೆ. ತಮ್ಮನ್ನ ಕರ್ಕೊಂಡು ಹೋಗಿದ್ದೆ, ಒಬ್ಬ ಸಾಕ್ಷಿ ಅವನ, ತಪ್ಪು ಮಾಡಿದಾಂವ ಸಾಕ್ಷಿ ಹೇಳೂದು. ಅಪ್ಪ ಇನ್ನೊಬ್ಬ. ಕೌಂಟರಿನ ಹಿರಿಯರು ಭಾಳ ಸಮಾಧಾನದಿಂದ ಎಲ್ಲಾ ತಿರುವಿ ಹಾಕಿ ನೋಡಿದ್ರು.

ನಾ ಕೇಳ್ದೆ, ಸರ್, ಹಳೇ ಹೆಸರು ಪೂರಾ ಹೊಡದು ಹಾಕ್ತೀರೇನ್ರಿ?

ಇಲ್ಲವಾ, ರಿಜಿಸ್ಟರ್‌ದಾಗ ಮೊದ್ಲು ಬರದದ್ದು ಮುಟ್ಟಂಗಿಲ್ಲ, ಮಗ್ಗಲಕ ಮಾರ್ಜಿನ್‌ದಾಗ ಹೊಸದು ಬರದು, ತಾರೀಖು ಹಾಕಿ, ಸಹಿ ಮಾಡ್ತೀವಿ ಅಂದ್ರು.

ಹೊರಗ ಬಂದ ಮ್ಯಾಲೆ ತಮ್ಮ, ಬೈತಿಯೇನಕ್ಕಾ ಅಂತ ಕೇಳಿದ. ಬಸ್ ಸ್ಟ್ಯಾಂಡಿನಾಗ ಗಿರ್ಮಿಟ್ ಕೊಡಿಸು, ಆಮ್ಯಾಲೆ ನೋಡೂಣು ಅಂದೆ. ಮದ್ವಿಯಾದ ಈ ಒಂಬತ್ತು ವರ್ಷದಾಗ ಆ ಹಳೇ ಹೆಸರಿಲೆ ನನ್ನ ಕರದಾಂವ ಅವ ಒಬ್ಬನ.

ಹೊಸ ಸರ್ಟಿಫಿಕೇಟಿಗೆ ಮುಂದಿನ ವಾರ ಬರ್ರಿ ಅಂದಾರ. ಸೋಮವಾರ ನಾದಿನಿ ಮಗನ ಕಾಲೇಜಿಗೆ ನಮೂನೆ ತಗೊಂಡು ಹೋಗೂದು, ಫೋಟೋ ಎರಡು ಜಾಸ್ತಿ ಇಟ್ಕೊಬೇಕು.